ಮನೆವಾರ್ತೆಯವನ ಲೆಕ್ಕ

ಬೆಳಗಾವಿಯಿಂದ ವೆಂಗುರ್ಲೆಯ ಕಡೆಗೆ ಹೊರಟ ರಸ್ತೆಯಲ್ಲಿ ದಂಡಿನ ಪ್ರದೇಶವನ್ನು ದಾಟಿದರೆ ಹಿಂಡಲಗಾ. ಆ ಹೆಸರು ಕೇಳಿದೊಡನೆ ನಾಡಿನ ಜನರಿಗೆ ನೆನಪಾಗುವುದು ಅಲ್ಲಿಯ ಕೇಂದ್ರ ಕಾರಾಗೃಹ. ನನಗೆ ಮಾತ್ರ ಮೊದಲು ನೆನಪಾಗುವುದು ನಮ್ಮ ನೆರೆಮನೆಯ ಕಾಕಾ ಮತ್ತು ಅವರ ಗೋಡೆಗೂಡಿನಲ್ಲಿರುವ ಕೆಂಪು ರಟ್ಟಿನ ಲೆಕ್ಕದ ಪುಸ್ತಕ.

ಕಾಕಾ ಕ್ಯಾಥೊಲಿಕರು. ಅವರ ಹಿರಿಯರು ಗೋವೆಯಿಂದ ಘಟ್ಟ ಹತ್ತಿ ಖಾನಾಪುರದಲ್ಲಿ ನೆಲೆನಿಂತು, ಅಲ್ಲಿಂದ ಬೆಳಗಾವಿಗೆ ಬಂದವರು. ಅವರದು ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ, ನನ್ನೊಡನೆ ಕನ್ನಡ. ನೌಕರಿಯಿಂದ ನಿವೃತ್ತರಾದ ಮೇಲೆ ಅವರು ತಮ್ಮ ಧರ್ಮಕೇಂದ್ರದ ಹಣಕಾಸು ಸಮಿತಿಯ ಸದಸ್ಯರಾದರು. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಗುರುಗಳಿಗೆ ನೆರವಾಗಲು ಇಂಥದೊಂದು ಸಮಿತಿ ಇರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ವಿಧಿಸಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಮಳೆ ಹಿಡಿದಿತ್ತು. ಇಗರ್ಜಿಯ ಪಕ್ಕದ ಸಭಾಭವನದ ಹಂಚು ಸರಿದು, ನೀರು ಒಳಗೆ ಧಾರೆಯಾಗಿ ಇಳಿಯತೊಡಗಿತು. ರಿಪೇರಿಗೆ ಬೇಕಾದಷ್ಟು ಹಣ ಕೈಯಲ್ಲಿರಲಿಲ್ಲ. ಇದ್ದದ್ದು ಇನ್ನೊಂದು ನಿಧಿ. ತಪಸ್ಸುಕಾಲದ 40 ದಿನ ಜನರು ತಮ್ಮ ಊಟತಿಂಡಿಯಲ್ಲಿ ಉಳಿಸಿ, ಬಡ ಮಕ್ಕಳ ಶಾಲೆಯ ಶುಲ್ಕಕ್ಕೆಂದು ಕೊಟ್ಟ ಹಣ. ಈಗ ಅದನ್ನು ಮಾಡಿಗೆ ಬಳಸೋಣ, ಮುಂದೆ ತುಂಬಿಕೊಟ್ಟರಾಯಿತು ಎಂದರು ಕೆಲವರು. ಅದರಲ್ಲಿ ಕೇಡಿನ ಬುದ್ಧಿಯೇನೂ ಇರಲಿಲ್ಲ. ಸೋರುವ ಮಾಡು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಶುಲ್ಕ ಕಟ್ಟಲಾರದ ಹುಡುಗ ಮಾತ್ರ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

ಕಾಕಾ ಒಪ್ಪಲಿಲ್ಲ. ಹೀಗೆ ಹಟ ಹಿಡಿದು ಹಳೆಯ ಸ್ನೇಹಿತರನ್ನು ಏಕೆ ಕಳೆದುಕೊಳ್ಳಬೇಕೆಂದು ನಾನೇ ಒಂದು ಸಂಜೆ ಕೇಳಿದೆ. ಅವರು ಹೇಳಿದರು:

"ಸರ, ಆ ರೊಕ್ಕ ನಂದಲ್ಲ, ಫಾದರ್‌ದೂ ಅಲ್ಲ. ಚಹಾ ಬಿಟ್ಟು ಕೊಟ್ಟಾಕಿ ಒಬ್ಬಾಕಿ ಮುದುಕಿ ಅದಾಳ್ರಿ. ಆಕಿ ಹುಡುಗರ ಫೀಗಂತ ಕೊಟ್ಟಾಳ, ಹಂಚಿಗಂತ ಅಲ್ಲ."

ಕನ್ನಡ ಬೈಬಲಿನ ಹಳೆಯ ಭಾಷಾಂತರದಲ್ಲಿ ಒಂದು ಸೊಗಸಾದ ಮಾತುಂಟು: 'ಮನೆವಾರ್ತೆಯವನು'. ಯಜಮಾನನ ಮನೆಯ ಆಗುಹೋಗುಗಳನ್ನು ನೋಡಿಕೊಳ್ಳುವವನು ಎಂದರ್ಥ. ಅವನ ಕೈಯಲ್ಲಿ ಕಣಜದ ಬೀಗದಕೈ ಇರುತ್ತದೆ, ಕಣಜ ಅವನದಲ್ಲ. ಕ್ರೈಸ್ತರ ದೃಷ್ಟಿಯಲ್ಲಿ ಮನುಷ್ಯನ ಸ್ಥಿತಿಯೇ ಇದು. ಹಣ, ಆರೋಗ್ಯ, ವಿದ್ಯೆ, ವೇಳೆ, ಕಾಲ ಕೆಳಗಿನ ನೆಲ, ಎಲ್ಲವೂ ದೇವರ ಸೊತ್ತು. ನಾವು ಅದರ ಪಾರುಪತ್ಯಗಾರರು. ಶರಣರ ನಾಡಿನವರಾದ ನಮಗೆ ಈ ಭಾವನೆ ಅಪರಿಚಿತವಲ್ಲ. ದಾನ ಮಾಡುವವನಿಗೆ 'ನಾನು ಕೊಟ್ಟೆ' ಎಂಬ ಅಹಂಕಾರ ಉಳಿಯಬಹುದು, ದಾಸೋಹಿಗೆ ಅದು ಸಲ್ಲದು. ಮನೆವಾರ್ತೆಯವನಿಗೂ ಹಾಗೆಯೇ.

ಯೇಸುಸ್ವಾಮಿ ಹೇಳಿದ ತಲಾಂತುಗಳ ಸಾಮತಿಯನ್ನು ಅನೇಕರು ಕೇಳಿರಬಹುದು. ಪರದೇಶಕ್ಕೆ ಹೊರಟ ಯಜಮಾನನು ಮೂವರು ಆಳುಗಳಿಗೆ ಐದು, ಎರಡು, ಒಂದು ಎಂದು ತಲಾಂತುಗಳನ್ನು ಒಪ್ಪಿಸುತ್ತಾನೆ. ತಲಾಂತೆಂದರೆ ಚಿಲ್ಲರೆ ಕಾಸಲ್ಲ. ಅದು ಆ ಕಾಲದ ಕೂಲಿಯಾಳಿನ ಸುಮಾರು 20 ವರ್ಷದ ದುಡಿಮೆಗೆ ಸಮ. ಆದ್ದರಿಂದ ಎಲ್ಲರಿಗಿಂತ ಕಡಿಮೆ ಪಡೆದವನೂ ಬಡವನೇನಲ್ಲ. ಅವನು ಮಾಡಿದ ತಪ್ಪು ಕದ್ದದ್ದಲ್ಲ, ಹೂತಿಟ್ಟದ್ದು.

ಈ ತತ್ತ್ವವು ಉಪದೇಶವಾಗಿಯೇ ಉಳಿಯದೆ ಕಾನೂನಾಗಿಯೂ ಇಳಿದಿದೆ. ಧರ್ಮಸಭೆಯ ಆಸ್ತಿಯನ್ನು ನೋಡಿಕೊಳ್ಳುವವರು ಒಳ್ಳೆಯ ಮನೆಯ ಯಜಮಾನನಂತೆ ಎಚ್ಚರದಿಂದ ನಡೆಯಬೇಕೆಂದು ಮೇಲೆ ಹೇಳಿದ ಸಂಹಿತೆಯ 1284ನೆಯ ವಿಧಿ ಹೇಳುತ್ತದೆ. ಭಕ್ತರು ಒಂದು ಗೊತ್ತಾದ ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸತಕ್ಕದ್ದೆಂಬುದು 1267ನೆಯ ವಿಧಿ. ಅವರು ಕೊಟ್ಟುದರ ಲೆಕ್ಕವನ್ನು ಅವರಿಗೇ ಒಪ್ಪಿಸಬೇಕೆಂಬುದು 1287ನೆಯದು. ಕಾಕಾ ಇವುಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿದವರಲ್ಲ. ಚಹಾ ಬಿಟ್ಟ ಮುದುಕಿಯ ನೆನಪೇ ಅವರಿಗೆ ಸಾಕಾಗಿತ್ತು.

ಗುರುಗಳು ಕಾಕಾ ಅವರ ಮಾತಿಗೆ ಒಪ್ಪಿದರು. ಭಾನುವಾರದ ಪೂಜೆಯ ಕೊನೆಯಲ್ಲಿ ಮಾಡಿನ ಸಂಗತಿಯನ್ನು ಜನರ ಮುಂದಿಟ್ಟರು. ಹಣ ಸ್ವಲ್ಪವೇ ಕೂಡಿತು. ಆದರೆ ಒಬ್ಬ ಬಡಗಿ ಎರಡು ದಿನದ ಕೆಲಸ ಕೊಟ್ಟ, ಕಾಲೇಜಿನ ಹುಡುಗರು ಹಂಚು ಹೊತ್ತರು, ಹೆಂಗಸರು ಎಲ್ಲರಿಗೂ ಗಂಜಿ ಬೇಯಿಸಿದರು. ಹಣವಿಲ್ಲದವರಲ್ಲೂ ತಲಾಂತು ಇತ್ತು. ಯಾರೂ ಅದನ್ನು ಕೇಳಿರಲಿಲ್ಲ, ಅಷ್ಟೆ. ಮಕ್ಕಳ ಶುಲ್ಕ ಆ ತಿಂಗಳೇ ಸಂದಾಯವಾಯಿತು. ಆದರೆ 30 ವರ್ಷದ ಸ್ನೇಹಿತರೊಬ್ಬರು ಕಾಕಾ ಅವರೊಡನೆ ಮಾತು ಬಿಟ್ಟವರು ಇಂದಿಗೂ ಆಡಿಲ್ಲ. ನಂಬಿಗಸ್ತನಾಗಿರುವುದಕ್ಕೂ ಒಂದು ಬೆಲೆಯುಂಟು. ಅದನ್ನು ಅವರು ಯಾವ ಪುಸ್ತಕದಲ್ಲಿಯೂ ಬರೆದಿಟ್ಟಿಲ್ಲ.

ಕಾಕಾ ಅವರ ಮನೆಯ ರೀತಿಯೂ ಇದೇ. ಪಿಂಚಣಿ ಬಂದ ದಿನ ಕಾಣಿಕೆಯ ಪಾಲನ್ನು ಮೊದಲು ತೆಗೆದಿಟ್ಟು, ಉಳಿದುದರಲ್ಲಿ ಸಂಸಾರ. ವಾರಕ್ಕೊಂದು ಸಂಜೆ ಸಂತ ವಿನ್ಸೆಂಟ್ ದ ಪೌಲರ ಸಂಘಕ್ಕೆ ಮೀಸಲು. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಮ್ ಮತ್ತು ಅವನ ಗೆಳೆಯರು ಆರಂಭಿಸಿದ ಈ ಸಂಘದ ಸದಸ್ಯರು ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗುತ್ತಾರೆ. ಅವರ ಸಭೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂಬುದು ಪಕ್ಕದವರಿಗೂ ತಿಳಿಯುವುದಿಲ್ಲ.

ನಲ್ಲಿಯಲ್ಲಿ ನೀರು ವ್ಯರ್ಥ ಹರಿದರೆ ಮೊಮ್ಮಕ್ಕಳಿಗೆ ಗದರಿಕೆ ಬೀಳುತ್ತದೆ. ಅವರ ಹಿರಿಯರ ಖಾನಾಪುರ ಮಲಪ್ರಭೆಯ ದಂಡೆಯ ಊರು. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಆ ನದಿ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ಹುಬ್ಬಳ್ಳಿ-ಧಾರವಾಡದವರ ನೀರಡಿಕೆಯನ್ನು ಕಳೆಯುತ್ತದೆ. ನದಿಯ ಹುಟ್ಟಿನಲ್ಲಿರುವವನು ಕೆಳಗಿನವರ ನೀರಿಗೆ ಮನೆವಾರ್ತೆಯವನಲ್ಲವೆ? ಭೂಮಿಯು ಎಲ್ಲರ ಮನೆ, ಮುಂದಿನವರಿಗೂ ಅದರಲ್ಲಿ ಪಾಲುಂಟು ಎಂಬುದೇ ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೋ ಸಿ' ಪರಿಪತ್ರದ ತಿರುಳು.

ಮೊನ್ನೆ ಕಾಕಾ ಅವರೊಡನೆ ಕಾರಾಗೃಹದ ಮುಂದೆ ನಡೆದು ಬರುತ್ತಿದ್ದೆ. ತಲಾಂತುಗಳ ಸಾಮತಿ ಬರುವ ಅಧ್ಯಾಯದಲ್ಲಿಯೇ ಕಡೆಯ ತೀರ್ಪಿನ ಚಿತ್ರವೂ ಬರುತ್ತದೆ. ಅಲ್ಲಿ ಅರಸನು ಹಣದ ಮಾತೆತ್ತುವುದಿಲ್ಲ. ಹಸಿದವನಿಗೆ ಉಣಿಸಿದಿರಾ, ರೋಗಿಯನ್ನು ಕಂಡಿರಾ, ಸೆರೆಯಲ್ಲಿದ್ದವನ ಬಳಿಗೆ ಹೋದಿರಾ ಎಂದೇ ಅವನು ವಿಚಾರಿಸುವುದು. ಎತ್ತರದ ಗೋಡೆಯನ್ನು ನೋಡುತ್ತ ಕಾಕಾ ಅಂದರು:

"ದಿನಾ ಇದರ ಮುಂದನ ಅಡ್ಡಾಡ್ತೀನ್ರಿ ಸರ. ನನ್ನ ಪುಸ್ತಕದಾಗ ಈ ಪುಟ ಇನ್ನೂ ಖಾಲಿ ಐತಿ."

ನಾನು ಉತ್ತರ ಕೊಡಲಿಲ್ಲ. ಅದೇ ರಸ್ತೆಯಲ್ಲಿ ನಾನೂ ದಿನಾ ಓಡಾಡುವವನು. ಪುಸ್ತಕವನ್ನೇ ಇಟ್ಟವನಲ್ಲ.