ಕೂತೆದ್ದ ಕಾಲಿಗೆ ಏಕೆ ನೋವು?

ದಾವಣಗೆರೆಯ ಚೌಕಿಪೇಟೆಯಲ್ಲಿ ಮಧ್ಯಾಹ್ನ ಎರಡರ ಹೊತ್ತು. ಬೆಳಗ್ಗೆಯಿಂದ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಅಂಗಡಿ ಯಜಮಾನರು ಊಟಕ್ಕೆಂದು ಏಳುತ್ತಾರೆ. ಮೊದಲ ಹೆಜ್ಜೆ ಊರಿದೊಡನೆ 'ಅಯ್ಯಪ್ಪಾ!' ಎಂಬ ಉದ್ಗಾರ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಕುಂಟಿದ ಮೇಲೆ ಕಾಲು ಸರಿಹೋಗುತ್ತದೆ. ಅತ್ತ ಹರಿಹರದಲ್ಲಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುವ ತಾಯಿಗೆ ಎದ್ದು ನಿಂತಾಗ ಪಾದ ತನ್ನದೇ ಅಲ್ಲವೇನೋ ಎನ್ನಿಸುವಷ್ಟು ಜೋಮು. ಈ ಎರಡು ಊರುಗಳ ನಡುವೆ ದಿನವಿಡೀ ಬಸ್ಸು ಓಡಿಸುವ ಚಾಲಕನಿಗೆ ಸಂಜೆಯ ವೇಳೆಗೆ ಬೂಟು ಬಿಗಿಯಾಗಿ, ಪಾದ ಭಾರ.

ಮೂವರದೂ ಒಂದೇ ಮಾತು: 'ಕೂತೆದ್ದರೆ ಕಾಲು ನೋವು.' ಮೂವರೂ ಹಚ್ಚುವುದು ಒಂದೇ ಮುಲಾಮು. ಆದರೆ ಮೂವರ ನೋವಿನ ಮೂಲ ಬೇರೆ ಬೇರೆ. ಅದನ್ನು ಗುರುತಿಸದೆ ತಿಕ್ಕಿಸಿಕೊಳ್ಳುತ್ತ ಕೂತರೆ ಕೆಲವೊಮ್ಮೆ ಕಾಲಿಗೇ ಅಲ್ಲ, ಪ್ರಾಣಕ್ಕೂ ಸಂಚಕಾರ.

ಕಾಲಿನಲ್ಲೊಂದು ಪಂಪು

ಚಾಲಕನ ಊತದಿಂದಲೇ ಆರಂಭಿಸೋಣ. ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯ ನೀರನ್ನು ಎತ್ತಿ ದಾವಣಗೆರೆಗೆ ಕೊಡುತ್ತಾರೆ. ಪೇಟೆ ಹೊಳೆಗಿಂತ ಎತ್ತರದಲ್ಲಿರುವುದರಿಂದ ಪಂಪು ನಿಂತರೆ ನಲ್ಲಿಯೂ ನಿಲ್ಲುತ್ತದೆ. ದೇಹದಲ್ಲಿಯೂ ಇಂಥದೇ ವ್ಯವಸ್ಥೆ. ಪಾದಕ್ಕೆ ಇಳಿದ ರಕ್ತ ಮತ್ತೆ ಎದೆಗೆ ಏರಬೇಕು. ಹೃದಯದ ಒತ್ತಡ ಅಷ್ಟು ದೂರ ತಲಪುವಷ್ಟರಲ್ಲಿ ಬಹುಪಾಲು ಕುಂದಿರುತ್ತದೆ. ಆಗ ನೆರವಾಗುವುದು ಮೀನಖಂಡ. ನಡೆಯುವಾಗ ಆ ಸ್ನಾಯು ಹಿಂಡಿದಂತಾಗಿ ನಡುವಿನ ಸಿರೆಗಳ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಸಿರೆಗಳೊಳಗಿನ ಕವಾಟಗಳು ಅದು ಮತ್ತೆ ಕೆಳಗಿಳಿಯದಂತೆ ತಡೆಯುತ್ತವೆ. ವೈದ್ಯರು ಮೀನಖಂಡವನ್ನು 'ಎರಡನೇ ಹೃದಯ' ಎನ್ನುವುದು ಇದಕ್ಕೇ.

ಅಲುಗಾಡದೆ ಕುಳಿತರೆ ಈ ಪಂಪು ಬಂದ್. ರಕ್ತ ತಂಗುತ್ತದೆ, ನೀರಿನಂಶ ಒಸರಿ ಹರಡಿನ ಸುತ್ತ ಊತ ಬರುತ್ತದೆ. ಕಾಲನ್ನು ಎತ್ತರಕ್ಕಿಟ್ಟು ಮಲಗಿದರೆ ಇಳಿಯುವ ಊತ ಸಾಮಾನ್ಯವಾಗಿ ಈ ಬಗೆಯದು. ಕವಾಟಗಳು ಸಡಿಲಾಗಿದ್ದರೆ ಸಿರೆಗಳು ಹಾವಿನಂತೆ ಸುರುಳಿ ಸುತ್ತಿ ಉಬ್ಬುತ್ತವೆ. ಇದೇ ವೆರಿಕೋಸ್ ವೇನ್ಸ್. ಎರಡೂ ಕಾಲು ಸದಾ ಊದಿಕೊಂಡೇ ಇದ್ದರೆ ಮಾತ್ರ ಹೃದಯ, ಮೂತ್ರಪಿಂಡಗಳ ಪರೀಕ್ಷೆಯೂ ಆಗಬೇಕು.

ಮೊದಲ ಹೆಜ್ಜೆಯ ಚುಚ್ಚು

ಅಂಗಡಿ ಯಜಮಾನರದು ಬೇರೆ ಕಥೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿ ಒಂದು ಗಟ್ಟಿ ಪಟ್ಟಿಯಿದೆ. ಬಿಲ್ಲಿಗೆ ಹೆದೆಯಿದ್ದಂತೆ ಅದು ಪಾದದ ಕಮಾನನ್ನು ಹಿಡಿದಿರುತ್ತದೆ. ವಯಸ್ಸು, ಮೈತೂಕ, ಗಟ್ಟಿ ನೆಲದ ಮೇಲೆ ಬರಿಗಾಲಿನ ಓಡಾಟ, ಸವೆದ ಚಪ್ಪಲಿ ಇವೆಲ್ಲ ಸೇರಿ ಆ ಪಟ್ಟಿ ಹಿಮ್ಮಡಿಗೆ ಅಂಟಿಕೊಂಡಿರುವ ಜಾಗವನ್ನು ನೋಯಿಸುತ್ತವೆ. ಕುಳಿತಾಗ ಪಟ್ಟಿ ಬಿಗಿಯುತ್ತದೆ. ಎದ್ದೊಡನೆ ಇಡೀ ದೇಹದ ಭಾರ ಅದನ್ನು ಒಮ್ಮೆಲೇ ಜಗ್ಗುತ್ತದೆ. ಬೆಳಗ್ಗೆ ಹಾಸಿಗೆಯಿಂದ ಇಳಿದಾಗಲೂ ಇದೇ ಚುಚ್ಚು. ವೈದ್ಯರು ಇದನ್ನು ಪ್ಲಾಂಟರ್ ಫೇಸಿಐಟಿಸ್ ಎನ್ನುತ್ತಾರೆ.

ಎಕ್ಸರೇಯಲ್ಲಿ ಹಿಮ್ಮಡಿಯ ಮೂಳೆ ಮುಳ್ಳಿನಂತೆ ಬೆಳೆದದ್ದು ಕಂಡು ಗಾಬರಿಯಾಗುವವರುಂಟು. ನೋವೇ ಇಲ್ಲದ ಎಷ್ಟೋ ಜನರ ಪಾದದಲ್ಲೂ ಆ 'ಮುಳ್ಳು' ಇರುತ್ತದೆ. ಅದಕ್ಕೆಂದೇ ಶಸ್ತ್ರಚಿಕಿತ್ಸೆಗೆ ಓಡಬೇಕಿಲ್ಲ. ಮೆತ್ತನೆಯ ಅಟ್ಟೆಯ ಪಾದರಕ್ಷೆ, ಮೀನಖಂಡ ಹಿಗ್ಗಿಸುವ ವ್ಯಾಯಾಮ, ಏಳುವ ಮೊದಲು ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಮಡಿಸಿ ಹಿಡಿಯುವುದು, ತಣ್ಣೀರಿನ ಬಾಟಲಿಯನ್ನು ಅಂಗಾಲಿನಡಿ ಉರುಳಿಸುವುದು, ಇಷ್ಟರಿಂದಲೇ ಹೆಚ್ಚಿನವರಿಗೆ ತಿಂಗಳುಗಳಲ್ಲಿ ಗುಣ ಕಾಣುತ್ತದೆ. ಬೇಕಾದದ್ದು ತಾಳ್ಮೆ.

ಜೋಮು ಮತ್ತು ಉರಿ

ಮಂಡಿಯ ಹೊರಬದಿಯಲ್ಲಿ ಕೈಯಾಡಿಸಿದರೆ ಒಂದು ಮೂಳೆಗುಬ್ಬಿ ಸಿಗುತ್ತದೆ. ಪಾದವನ್ನು ಎತ್ತುವ ನರ ಅದನ್ನು ಸುತ್ತಿಕೊಂಡೇ ಕೆಳಗಿಳಿಯುತ್ತದೆ, ಮೇಲೆ ತೊಗಲಿನ ಹೊರತು ರಕ್ಷಣೆ ಅಷ್ಟಕ್ಕಷ್ಟೆ. ಚಕ್ಕಳಮಕ್ಕಳ ಹಾಕಿ, ಕುಕ್ಕರುಗಾಲಿನಲ್ಲಿ, ಕಾಲ ಮೇಲೆ ಕಾಲು ಹಾಕಿ ಗಂಟೆಗಟ್ಟಲೆ ಕುಳಿತರೆ ಅದು ಒತ್ತಿಹೋಗುತ್ತದೆ. ಬೀಡಿ ಸುತ್ತುವ ತಾಯಿಯ ಜೋಮಿಗೆ ಇದು ಕಾರಣವಿರಬಹುದು. ಕಾಲು ಚಾಚಿದ ಕೆಲವು ನಿಮಿಷಗಳಲ್ಲಿ ಹೋದರೆ ಚಿಂತೆಯಿಲ್ಲ. ಹೋಗದೆ ಪಾದ ಜೋಲುಬಿದ್ದು ನಡೆಯುವಾಗ ನೆಲಕ್ಕೆ ತಾಗತೊಡಗಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ಸೊಂಟ ಅಥವಾ ಪಿರ್ರೆಯಿಂದ ಹೊರಟು ಪಾದದವರೆಗೆ ಹರಿಯುವ ನೋವಾದರೆ ಮೂಲ ಬೆನ್ನುಮೂಳೆಯಲ್ಲಿರುತ್ತದೆ. ಅಂಗಾಲಿಗೆ ಎಷ್ಟು ಎಣ್ಣೆ ತಿಕ್ಕಿದರೂ ವ್ಯರ್ಥ.

ಕೂತರೂ ಮಲಗಿದರೂ ಎರಡೂ ಅಂಗಾಲು ಉರಿಯುವುದು, ಇರುವೆ ಹರಿದಂತಾಗುವುದು ಸಕ್ಕರೆ ಕಾಯಿಲೆಯ ಸೂಚನೆಯಾಗಿರಬಹುದು. ಬಿ12 ಜೀವಸತ್ವದ ಕೊರತೆಯಲ್ಲೂ ಹೀಗಾಗುತ್ತದೆ. ಹಾಲು, ಮೊಟ್ಟೆ, ಮಾಂಸಗಳಲ್ಲಿರುವ ಈ ಸತ್ವ ಕಾಳುಸೊಪ್ಪುಗಳಲ್ಲಿಲ್ಲ. ಎರಡಕ್ಕೂ ರಕ್ತಪರೀಕ್ಷೆ ಸಾಕು. ಸಕ್ಕರೆ ಕಾಯಿಲೆಯವರಿಗೆ ನೋವಿಗಿಂತ ಹೆಚ್ಚು ಅಪಾಯಕಾರಿ ನೋವು ಇಲ್ಲದಿರುವುದು! ಸ್ಪರ್ಶ ಸತ್ತ ಪಾದಕ್ಕೆ ಮೊಳೆ ಚುಚ್ಚಿದರೂ ತಿಳಿಯದು. ಗಾಯ ಕೊಳೆತು ಕಾಲು ಕತ್ತರಿಸುವ ಹಂತಕ್ಕೆ ಹೋದೀತು. ದಿನವೂ ರಾತ್ರಿ ಅಂಗಾಲನ್ನು ನೋಡಿಕೊಳ್ಳುವುದು ಔಷಧಿಯಷ್ಟೇ ಮುಖ್ಯ.

ಹೊಗೆಬತ್ತಿ ಸೇದುವವರ ನೋವು ಇದಕ್ಕೆ ತದ್ವಿರುದ್ಧ. ನಡೆದರೆ ಮೀನಖಂಡ ಹಿಂಡುತ್ತದೆ, ನಿಂತು ಸುಧಾರಿಸಿಕೊಂಡರೆ ಹೋಗುತ್ತದೆ. ಅದು ಅಪಧಮನಿ ಕಿರಿದಾದುದರ ಲಕ್ಷಣ.

ಒಂದೇ ಕಾಲು ಊದಿದರೆ

ಎರಡನೇ ಮಹಾಯುದ್ಧದ ವೇಳೆ, 1940ರಲ್ಲಿ, ಲಂಡನ್ನಿನ ಜನ ಬಾಂಬಿನ ಭಯಕ್ಕೆ ನೆಲಮಾಳಿಗೆಗಳಲ್ಲಿ ಕ್ಯಾನ್‌ವಾಸ್ ಕುರ್ಚಿಗಳ ಮೇಲೆ ರಾತ್ರಿಯೆಲ್ಲ ಕುಳಿತಿರುತ್ತಿದ್ದರು. ಬಾಂಬು ಬೀಳದಿದ್ದರೂ ಕೆಲವರು ಹಠಾತ್ತಾಗಿ ಸತ್ತರು. ಕುರ್ಚಿಯ ಮುಂಬದಿಯ ಅಡ್ಡಪಟ್ಟಿ ತೊಡೆಯ ಹಿಂಬದಿಯನ್ನು ಒತ್ತಿ, ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತೆಂದು ಡಾ. ಕೀತ್ ಸಿಂಪ್ಸನ್ ಬರೆದರು.

ಇದು ವಿರಳ. ಆದರೂ ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯತೊಡಗಿದರೆ ಅದನ್ನು ತಿಕ್ಕಕೂಡದು. ತಿಕ್ಕಿದರೆ ಗಡ್ಡೆ ಕಳಚಿಕೊಳ್ಳಬಹುದು. ಹೆರಿಗೆ ಅಥವಾ ಶಸ್ತ್ರಚಿಕಿತ್ಸೆಯಾದವರು, ಬಹುದಿನ ಹಾಸಿಗೆ ಹಿಡಿದವರು ಹೆಚ್ಚು ಎಚ್ಚರದಿಂದಿರಬೇಕು. ಜೊತೆಗೆ ಎದೆನೋವು, ಏದುಸಿರು ಕಂಡರೆ ಬೆಳಗಾಗಲೆಂದು ಕಾಯಬಾರದು. ಆಗಲೇ ಆಸ್ಪತ್ರೆಗೆ ಹೋಗಬೇಕು.

ಕೆಲಸ ನಿಲ್ಲಿಸದೆ

ಬೀಡಿಯ ಮಜೂರಿ ಸಾವಿರದ ಲೆಕ್ಕ. ಕೈ ನಿಂತರೆ ಕೂಲಿ ನಿಂತಂತೆ. 'ಕೂರಬೇಡಿ' ಎಂಬ ಉಪದೇಶ ಅಲ್ಲಿ ನಡೆಯದು. ಆದರೆ ಕೈ ಕೆಲಸದಲ್ಲಿದ್ದಾಗ ಕಾಲಿಗೆ ಬಿಡುವಿದೆ. ಅರ್ಧ ಗಂಟೆಗೊಮ್ಮೆ ಕಾಲು ಚಾಚಿ, ಪಾದವನ್ನು ಮುಂದಕ್ಕೂ ಹಿಂದಕ್ಕೂ ಇಪ್ಪತ್ತು ಸಲ ಆಡಿಸಿದರೆ ಪಂಪು ಮತ್ತೆ ಹೊರಡುತ್ತದೆ. ಮಡಿಸುವ ಕಾಲನ್ನು ಬದಲಿಸುತ್ತಿದ್ದರೆ ನರಕ್ಕೆ ಬಿಡುವು. ಬಸ್ಸು ನಿಲ್ದಾಣಕ್ಕೆ ಬಂದಾಗ ಚಾಲಕ ಕೆಳಗಿಳಿದು ಒಂದು ಸುತ್ತು ನಡೆಯಬಹುದು, ಅಂಗಡಿಯವರು ನೀರಿನ ಚೊಂಬನ್ನು ಕೈಗೆಟುಕದಷ್ಟು ದೂರ ಇಡಬಹುದು.

ಎರಡು ಮೂರು ವಾರಗಳಾದರೂ ನೋವು ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಹೋಗುವ ಮುನ್ನ ನಾಲ್ಕು ಸಂಗತಿ ಗಮನಿಸಿಕೊಂಡಿರಲಿ. ನೋವು ಪಾದದ ಯಾವ ಜಾಗದಲ್ಲಿ? ಒಂದು ಕಾಲಿಗೋ ಎರಡಕ್ಕೋ? ನಡೆದರೆ ಕಡಿಮೆಯೋ ಹೆಚ್ಚೋ? ಊತ, ಉರಿ, ಜೋಮು ಉಂಟೋ? 'ಕೂತೆದ್ದರೆ ಕಾಲು ನೋವು' ಎನ್ನುವುದಕ್ಕಿಂತ ಈ ನಾಲ್ಕು ಉತ್ತರಗಳಿಂದ ವೈದ್ಯರಿಗೆ ಅರ್ಧ ಕೆಲಸ ಮುಗಿಯುತ್ತದೆ.