ಅಥಣಿ ರಸ್ತೆಯ ಗಾಳಿಗೆ ಎದೆಕೊಟ್ಟವರು

ನಸುಕಿನ ಐದೂವರೆ. ಇಬ್ರಾಹಿಂ ರೋಜಾದ ಮಿನಾರುಗಳಿಗೆ ಇನ್ನೂ ಬೆಳಕು ತಾಗಿಲ್ಲ. ಅಥಣಿ ರಸ್ತೆಯ ಎಡಬದಿಯಲ್ಲಿ ಸಣ್ಣ ಕೆಂಪು ದೀಪಗಳ ಸಾಲೊಂದು ಪಡುವಣಕ್ಕೆ ಹೊರಟಿದೆ. ಎಂಜಿನ್ನಿನ ಸದ್ದಿಲ್ಲ. ಕೇಳುವುದು ಚೈನಿನ ಸರಸರ ಮತ್ತು ಹಿಂದಿನಿಂದ ಕೋಚ್ ಕೂಗುವ ಮಾತು ಮಾತ್ರ: ‘ಗಾಲಿ ಬಿಡಬ್ಯಾಡ ತಮ್ಮಾ, ಹತ್ತಿಕೊಂಡ ಹೋಗು!’

ವಿಜಯಪುರಕ್ಕೆ ಸೈಕ್ಲಿಂಗ್ ಹೊಸದಲ್ಲ. ಇಲ್ಲಿನ ಕ್ರೀಡಾ ವಸತಿ ನಿಲಯದಿಂದ, ತಾಂಡಾಗಳಿಂದ, ಒಣಬೇಸಾಯದ ಮನೆಗಳಿಂದ ಬಂದ ಹುಡುಗ ಹುಡುಗಿಯರು ದಶಕಗಳಿಂದ ರಾಜ್ಯ ತಂಡ ಸೇರುತ್ತ ಬಂದಿದ್ದಾರೆ. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ವಿಜಯಪುರ–ಬಾಗಲಕೋಟೆ ಸೀಮೆಯ ಶ್ರೀಧರ ಸವಣೂರ, ಕೃಷ್ಣಾ ನಾಯ್ಕೋಡಿ, ದಾನಮ್ಮ ಚಿಚಖಂಡಿ ಅವರ ಹೆಸರುಗಳು ರಾಷ್ಟ್ರೀಯ ಕೂಟಗಳಲ್ಲಿ ಪರಿಚಿತ. ಅಂಥವರನ್ನು ಕಂಡ ಮಕ್ಕಳು ಇನ್ನೊಬ್ಬರ ಹಳೆಯ ಸೈಕಲ್ ಮೇಲೆ ಕಾಲು ಚಾಚಿ ಕಲಿಯುತ್ತಾರೆ.

ಊರು ದಾಟಿದರೆ ತೊರವಿ. ನರಸಿಂಹನ ಗುಡಿಯ ಊರು, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿರುವ ಊರು. ಅದರಾಚೆ ರಸ್ತೆ ಬಯಲಿಗೆ ಬೀಳುತ್ತದೆ. ಮರ ಕಡಿಮೆ, ಮರೆ ಇನ್ನೂ ಕಡಿಮೆ. ಇಲ್ಲಿಂದ ಟಿಕೋಟಾದವರೆಗೆ ಸವಾರನಿಗೆ ಪಾಠ ಹೇಳುವುದು ಗಾಳಿ.

ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಗಾಳಿ ಪಡುವಣದಿಂದ ಎದುರಿಗೇ ಬರುತ್ತದೆ. ಹೋಗುವಾಗ ಒಂದೊಂದು ತುಳಿತಕ್ಕೂ ತೊಡೆ ಉರಿಯುತ್ತದೆ, ಬರುವಾಗ ಅದೇ ಗಾಳಿ ಬೆನ್ನು ನೂಕುತ್ತದೆ. ಚಳಿಗಾಲದಲ್ಲಿ ಮೂಡಗಾಳಿ ಎದ್ದರೆ ಲೆಕ್ಕ ತಿರುವು ಮುರುವು. ಹೋಗುವಾಗ ಹಗುರ, ದಣಿದು ಮರಳುವಾಗ ಎದುರು ಗಾಳಿ, ಜೊತೆಗೆ ಕಣ್ಣಿಗೆ ಹೊಡೆಯುವ ಎಳೆಬಿಸಿಲು. ತಾಸಿಗೆ 40 ಕಿ.ಮೀ. ವೇಗದಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿ ಸೀಳುವುದಕ್ಕೇ ಖರ್ಚಾಗುತ್ತದೆ. ಅದಕ್ಕೇ ಒಬ್ಬರ ಹಿಂದೊಬ್ಬರು ಗೇಣು ಅಂತರದಲ್ಲಿ ಸಾಗುತ್ತಾರೆ. ಮುಂದಿನವ ಗಾಳಿ ತಿನ್ನುತ್ತಾನೆ, ದಣಿದಾಗ ಮೊಣಕೈ ಅಲುಗಿಸಿ ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಸೇರುತ್ತಾನೆ. ಗಾಳಿ ಅಡ್ಡ ಹೊಡೆದರೆ ಸಾಲು ತಾನೇ ಓರೆಯಾಗುತ್ತದೆ. ಇದನ್ನು ಕರಿಹಲಗೆಯ ಮೇಲೆ ಕಲಿಸಲು ಆಗುವುದಿಲ್ಲ.

ಟಿಕೋಟಾ ಹತ್ತಿರವಾದಂತೆ ದ್ರಾಕ್ಷಿ ಪಡಗಳು ಸಿಗುತ್ತವೆ. ಮಾರ್ಚ್ ಹೊತ್ತಿಗೆ ಪರದೆ ಕಟ್ಟಿದ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಹರವಿದ ಹಣ್ಣು ಒಣದ್ರಾಕ್ಷಿಯಾಗುತ್ತಿರುತ್ತದೆ. ರೈತ ಬೇಡಿಕೊಳ್ಳುವ ಒಣಗಾಳಿಯೂ ಸವಾರ ಬೈಯುವ ಗಾಳಿಯೂ ಒಂದೇ.

ಅಲ್ಲಿ ಒಬ್ಬ ಹುಡುಗಿಯ ಟ್ಯೂಬ್ ಪಂಕ್ಚರ್. ಅವಳು ಯಾರನ್ನೂ ಕರೆಯುವುದಿಲ್ಲ. ಸೈಕಲ್ಲನ್ನು ತಲೆಕೆಳಗು ಮಾಡಿ, ಗಾಲಿ ಬಿಚ್ಚಿ, ಟೈರಿನ ಒಳಮೈಯಲ್ಲಿ ಬೆರಳಾಡಿಸಿ ಜಾಲಿಮುಳ್ಳು ಹುಡುಕುತ್ತಾಳೆ. ಮುಳ್ಳು ಉಳಿದರೆ ಹೊಸ ಟ್ಯೂಬೂ ಹೋದಂತೆಯೇ. ಸಿಕ್ಕ ಮುಳ್ಳನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಟ್ಯೂಬ್ ತೂರಿಸಿ, ಕೈಪಂಪಿನಿಂದ ಗಾಳಿ ತುಂಬುತ್ತಾಳೆ. ಜೆರ್ಸಿಯ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆಗಳು ಮೂಡಿವೆ. ‘ಯವ್ವಾ, ನೀರು ಕುಡೀತಿ?’ ಎಂದು ಪಡದಿಂದ ಹೆಂಗಸೊಬ್ಬಳು ಕೇಳುತ್ತಾಳೆ. ‘ಬ್ಯಾಡ್ರಿ ಅಕ್ಕಾ, ಅವರು ಮುಂದ ಹೋದ್ರು’ ಎಂದವಳೇ ಪೆಡಲ್ ತುಳಿಯುತ್ತಾಳೆ.

ಇಷ್ಟೆಲ್ಲ ದುಡಿಮೆ ರಾಜ್ಯಮಟ್ಟದ ಆಯ್ಕೆಗಾಗಿ. ಟೈಮ್ ಟ್ರಯಲ್‌ನಲ್ಲಿ ಸವಾರರನ್ನು ಒಬ್ಬೊಬ್ಬರನ್ನಾಗಿ, ನಡುವೆ ಅಂತರ ಕೊಟ್ಟು ಬಿಡುತ್ತಾರೆ. ಹಿಂದಿನಿಂದ ಒಬ್ಬರು ಸೀಟು ಹಿಡಿದಿರುತ್ತಾರೆ. ಎರಡೂ ಕಾಲು ಪೆಡಲಿಗೆ ಸಿಕ್ಕಿಸಿದ ಸವಾರ ಅವರ ಕೈಯಲ್ಲಿ ನಿಂತಿರುತ್ತಾನೆ. ಎಣಿಕೆ ಮುಗಿದ ಕೂಡಲೇ ಕೈ ಬಿಡುತ್ತದೆ. ಅಲ್ಲಿಂದ ಗುರಿಯವರೆಗೆ ಯಾರ ಹಿಂದೂ ಅಡಗುವಂತಿಲ್ಲ. ಮಾಸ್ ಸ್ಟಾರ್ಟ್‌ನಲ್ಲಿ ಹಾಗಲ್ಲ, ಎಲ್ಲರೂ ಒಟ್ಟಿಗೆ ಹೊರಟು ಕೊನೆಯ ಕೆಲವು ನೂರು ಮೀಟರಿಗಾಗಿ ಕಾಲನ್ನು ಕಾಯ್ದಿಟ್ಟುಕೊಳ್ಳುತ್ತಾರೆ. ವಯೋಮಿತಿಯ ಗುಂಪಿನಲ್ಲಿ ಮೇಲೆ ಬಂದವರಿಗೆ ರಾಷ್ಟ್ರೀಯ ಕೂಟ, ಅಲ್ಲಿ ಮಿಂಚಿದವರಿಗೆ ರೈಲ್ವೆಯಲ್ಲೋ ಸೇನೆಯಲ್ಲೋ ಕೆಲಸದ ಆಸೆ. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲಿಗೆ ಸಾಲ ತೆಗೆದ ತಂದೆಗೆ ಆ ಆಸೆ ಸಣ್ಣದಲ್ಲ. ಒಲಿಂಪಿಕ್ಸ್‌ನಲ್ಲಿ ಭಾರತದ ಸೈಕಲ್ ಸವಾರರು ಕೊನೆಯದಾಗಿ ಕಾಣಿಸಿಕೊಂಡದ್ದು 1964ರ ಟೋಕಿಯೊದಲ್ಲಿ. ಆ ಬರವನ್ನು ನೀಗುವ ಕಾಲು ಈ ಸೀಮೆಯಲ್ಲೇ ಹುಟ್ಟಬಹುದು ಎಂದು ನಾನು ನಂಬಿದ್ದೇನೆ.

ಆದರೆ ಕಾಲಿಗೆ ನೆಲ ಬೇಕು. ಭೂತನಾಳ ಕೆರೆಯ ಹತ್ತಿರ ವೆಲೊಡ್ರೋಮ್ ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆಯಿತು. ಬಾಣಲೆಯ ಅಂಚಿನಂತೆ ಏರಿದ ಆ ಓರೆ ಪಥದ ಮೇಲೆ ಓಡಬೇಕಾದ ಎಷ್ಟೋ ಮಕ್ಕಳು ಲಾರಿಗಳ ನಡುವೆಯೇ ದೊಡ್ಡವರಾದರು.

ಚಳಿಗಾಲದಲ್ಲಂತೂ ಭಯ ಹೆಚ್ಚು. ಕೂಟಗಳ ಹಂಗಾಮೂ ಕಬ್ಬು ನುರಿಸುವ ಹಂಗಾಮೂ ಒಟ್ಟಿಗೇ ಬರುತ್ತವೆ. ಎರಡೆರಡು ಟ್ರೇಲರ್ ಕಟ್ಟಿ, ಕಬ್ಬು ಹೊರಗೆ ಚಾಚಿ, ಟ್ರ್ಯಾಕ್ಟರುಗಳು ಮಂಜಿನಲ್ಲೇ ಹೊರಡುತ್ತವೆ. ಎಷ್ಟೋ ಟ್ರೇಲರುಗಳ ಹಿಂದೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ತಲೆ ತಗ್ಗಿಸಿ ಗಾಳಿ ಸೀಳುವ ಹುಡುಗನಿಗೆ ಅದು ಕಾಣುವ ಹೊತ್ತಿಗೆ ಬ್ರೇಕಿಗೆ ಜಾಗ ಉಳಿದಿರುವುದಿಲ್ಲ.

ಟ್ರೇಲರಿನ ಹಿಂದೆ ಅಂಟಿಸುವ ಕೆಂಪು ಪಟ್ಟಿಗೆ ದೊಡ್ಡ ಖರ್ಚಿಲ್ಲ. ಮಾಲೀಕರು ಅಂಟಿಸಲಿ, ಪಟ್ಟಿ ಇಲ್ಲದ ಗಾಡಿಯನ್ನು ಕಾರ್ಖಾನೆಯವರು ಒಳಗೆ ಬಿಡದಿರಲಿ. ನೀವು ನಸುಕಿನಲ್ಲಿ ಟಿಕೋಟಾ ಕಡೆ ಹೊರಟರೆ, ಎಡಬದಿಯಲ್ಲಿ ಕೆಂಪು ದೀಪಗಳ ಸಾಲು ಕಂಡಾಗ ಹೆಡ್‌ಲೈಟ್ ತಗ್ಗಿಸಿ, ವೇಗ ಇಳಿಸಿ, ಒಂದಾಳು ಮಲಗುವಷ್ಟು ಜಾಗ ಬಿಟ್ಟು ಮುಂದೆ ಸಾಗಿ.