ಗಂಡುಮಕ್ಕಳ ಬೆಳವಣಿಗೆಯೂ ಗೇರುತೋಟದ ವಿಷವೂ

ಕೊಚ್ಚಿಯ ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಕಾಸರಗೋಡು ಕಡೆಯ ಬಂಧುಗಳು ಅನೇಕರು. ಎಂಡೋಸಲ್ಫಾನ್ ಎಂಬ ಹೆಸರು ಅವರಿಗೆ ಹೊಸದಲ್ಲ. ಆದರೆ ನೋಡಲು ಗಟ್ಟಿಮುಟ್ಟಾಗಿದ್ದ ಹುಡುಗರಿಗೂ ಆ ವಿಷ ತಾಕಿತ್ತೇ ಎಂಬ ಪ್ರಶ್ನೆಯನ್ನು ನಾಚಿಕೆಯಿಂದ ಯಾರೂ ಎತ್ತುವುದಿಲ್ಲ. ನಾಚಿಕೆಯನ್ನು ಬದಿಗಿಟ್ಟು ತಿಳಿಯಬೇಕಾದ ವಿಷಯವಿದು.

ಗರ್ಭದಲ್ಲಿ ಮೊದಲ ಎರಡು ತಿಂಗಳು ಗಂಡು ಹೆಣ್ಣೆಂಬ ಭೇದ ಹೊರಗೆ ಕಾಣುವುದಿಲ್ಲ. ಆಮೇಲೆ ಗಂಡುಶಿಶುವಿನ ವೃಷಣಗಳು, ಅಂದರೆ ಬೀಜಗಳು, ಟೆಸ್ಟೋಸ್ಟಿರೋನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಇಂತಹ ರಸಗಳಿಗೆ ಹಾರ್ಮೋನು ಎಂದು ಹೆಸರು. ಇದರ ಪ್ರೇರಣೆಯಿಂದಲೇ ಗಂಡಿನ ಅಂಗಗಳು ರೂಪುಗೊಳ್ಳುತ್ತವೆ. ಕೊನೆಯ ತಿಂಗಳುಗಳಲ್ಲಿ ವೃಷಣಗಳು ಹೊಟ್ಟೆಯಿಂದ ಚೀಲಕ್ಕೆ ಇಳಿಯುತ್ತವೆ. ಹುಟ್ಟಿದ ಮೇಲೆ ಕೆಲವು ತಿಂಗಳು ಈ ರಸ ಮತ್ತೆ ಏರಿ, ಬಳಿಕ ತಗ್ಗಿ, ಹತ್ತು ಹನ್ನೆರಡನೆಯ ವಯಸ್ಸಿನ ಸುಮಾರಿಗೆ ಪುನಃ ಏರುತ್ತದೆ. ಆಗ ದನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ.

ಹೆಣ್ಣಿನಲ್ಲಿ ಹೆಚ್ಚಾಗಿಯೂ ಗಂಡಿನಲ್ಲಿ ಕಡಿಮೆಯಾಗಿಯೂ ಇರುವ ಹಾರ್ಮೋನು ಈಸ್ಟ್ರೋಜೆನ್. ಹೊರಗಿನ ಕೆಲವು ರಾಸಾಯನಿಕಗಳು ದೇಹದಲ್ಲಿ ಇದರಂತೆಯೇ ವರ್ತಿಸುತ್ತವೆ. ಕೆಲವು ಗಂಡು ಹಾರ್ಮೋನಿಗೆ ಅಡ್ಡ ಬರುತ್ತವೆ. ನಮ್ಮ ಗಿರಣಿಯಲ್ಲಿ ಯಾರೋ ಮ್ಯಾನೇಜರರ ಸಹಿಯನ್ನು ನಕಲು ಮಾಡಿ ಚೀಟಿ ಕಳಿಸಿದರೆ ಏನಾದೀತು? ಯಂತ್ರ ಕೆಟ್ಟಿರುವುದಿಲ್ಲ, ಕೆಲಸ ಮಾತ್ರ ತಪ್ಪುತ್ತದೆ. ದೊಡ್ಡವರಲ್ಲಿ ಆದ ತಪ್ಪು ಸರಿಹೋದೀತು. ಅಂಗ ರೂಪುಗೊಳ್ಳುವ ಹೊತ್ತಿನಲ್ಲಿ ಆದದ್ದು ಉಳಿದುಬಿಡಬಹುದು. ಅಮೆರಿಕದಲ್ಲಿ 1971ರವರೆಗೆ ಗರ್ಭಪಾತ ತಡೆಯಲೆಂದು ಡಿ.ಇ.ಎಸ್. ಎಂಬ ಕೃತಕ ಈಸ್ಟ್ರೋಜೆನನ್ನು ಗರ್ಭಿಣಿಯರಿಗೆ ಕೊಡುತ್ತಿದ್ದರು. ಅವರ ಗಂಡುಮಕ್ಕಳಲ್ಲಿ ವೃಷಣ ಇಳಿಯದಿರುವ ದೋಷ ಹೆಚ್ಚಾಗಿ ಕಂಡಿತು.

ಇನ್ನು ನಮ್ಮ ಊರಿನ ಮಾತು. ಕಾಸರಗೋಡಿನ ಪಡ್ರೆ ಗ್ರಾಮದ ಸುತ್ತಲಿನ ಸರಕಾರಿ ಗೇರುತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅಲ್ಲಿಯ ವೈದ್ಯ ಡಾ. ಮೋಹನ ಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಊರಿನ ಕಾಯಿಲೆಗಳ ಕಡೆಗೆ ಲೋಕದ ಗಮನ ಸೆಳೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಬಂದು, ಪಡ್ರೆಯ 117 ಶಾಲಾಬಾಲಕರನ್ನೂ ಸಿಂಪಡಣೆಯಿಲ್ಲದ ಕಡೆಯ 90 ಮಂದಿಯನ್ನೂ ಪರೀಕ್ಷಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ವಿಷಕ್ಕೆ ಹೆಚ್ಚು ಒಡ್ಡಿಕೊಂಡ ಹುಡುಗರಲ್ಲಿ ಪ್ರಾಯದ ಲಕ್ಷಣಗಳು ತಡವಾಗಿದ್ದವು. ಮಿದುಳಿನ ಗ್ರಂಥಿಯಿಂದ ವೃಷಣಕ್ಕೆ ಹೋಗುವ ಆಜ್ಞೆ ಹೆಚ್ಚಿದ್ದರೂ ಟೆಸ್ಟೋಸ್ಟಿರೋನ್ ಕಡಿಮೆಯಿತ್ತು. ವೃಷಣ ಇಳಿಯದಿರುವುದೇ ಮುಂತಾದ ಹುಟ್ಟುದೋಷಗಳು ಪಡ್ರೆಯಲ್ಲಿ ನೂರಕ್ಕೆ 5.1, ಬೇರೆಡೆ 1.1. ಈ ಕೊನೆಯ ಅಂತರ ಆಕಸ್ಮಿಕವೂ ಇರಬಹುದೆಂದು ತಜ್ಞರೇ ಒಪ್ಪಿದ್ದಾರೆ. ಆದ್ದರಿಂದ ಪಡ್ರೆಯ ಹುಡುಗರೆಲ್ಲ ದೋಷಿಗಳೆಂದು ತಿಳಿಯುವುದಾಗಲಿ, ಸಂಬಂಧ ಬೆಳೆಸಲು ಹಿಂಜರಿಯುವುದಾಗಲಿ ಅನ್ಯಾಯ.

ಈ ಮದ್ದು ನಮ್ಮ ಕೊಚ್ಚಿಯ ಪಕ್ಕದ ಏಲೂರಿನಲ್ಲಿಯೂ ತಯಾರಾಗುತ್ತಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. 2017ರಲ್ಲಿ ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಆದರೂ 2019ರ ಜನವರಿಯಲ್ಲಿ ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯಟಿನ ಮುಂದೆ ಮಕ್ಕಳೊಡನೆ ಕೂರಬೇಕಾಯಿತು.

ಓದುಗರಲ್ಲಿ ಒಂದು ವಿನಂತಿ. ಗಂಡುಮಗು ಹುಟ್ಟಿದಾಗ ವೃಷಣಗಳೆರಡೂ ಇಳಿದಿವೆಯೇ ಎಂದು ವೈದ್ಯರನ್ನು ಕೇಳಿರಿ. ಆರು ತಿಂಗಳಾದರೂ ಇಳಿಯದಿದ್ದರೆ "ತಾನಾಗಿ ಸರಿಹೋದೀತು" ಎಂದು ಕಾಯದೆ ಶಸ್ತ್ರವೈದ್ಯರಿಗೆ ತೋರಿಸಿರಿ. ಒಂದು, ಒಂದೂವರೆ ವರ್ಷದೊಳಗೆ ಚಿಕಿತ್ಸೆಯಾದರೆ ಒಳ್ಳೆಯದು. ಹದಿನಾಲ್ಕು ತುಂಬಿದರೂ ಪ್ರಾಯದ ಗುರುತು ಕಾಣದ ಹುಡುಗನನ್ನು ಹಾಸ್ಯ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೀಟನಾಶಕದ ಡಬ್ಬಿಯಲ್ಲಿ ನೀರು ತುಂಬಬೇಡಿರಿ. ಗರ್ಭಿಣಿಯರನ್ನು ಸಿಂಪಡಣೆಯಿಂದ ದೂರವಿಡಿರಿ. ಊರಿಗೆ ಬರೆಯುವ ಮುಂದಿನ ಕಾಗದದಲ್ಲಿ ಇದನ್ನೂ ಎರಡು ಸಾಲು ಸೇರಿಸಿರಿ.